ಹೊನ್ನಪ್ಪನ ಇಪ್ಪತ್ತೆರಡು ಮಿಲಿಮೀಟರು

ಐವತ್ತೆರಡು ವರ್ಷದ ಬಾಳಿನಲ್ಲಿ ಹೊನ್ನಪ್ಪ ಹೆದರದೆ ಆಡಿದ ಮಾತು ಒಂದೇ ಒಂದು. ಆ ಒಂದು ಮಾತಿನಿಂದ ಅವನ ಅತ್ತೆಯ ಕಾಲಿಗೆ ಕುತ್ತು ಬಂತು. ಹೆದರಿಕೊಂಡು ಮಾಡಿದ ಕೆಲಸಗಳೆಲ್ಲ ಒಂದು ಮಟ್ಟಿಗೆ ಸರಿಯಾಗಿಯೇ ನಡೆದಿದ್ದವು, ಅದನ್ನೂ ಹೇಳಬೇಕು.

ಹಿರೇಕೆರೂರು ಕಡೆಯ ಹಳ್ಳಿಯೊಂದರಿಂದ ಹದಿನೆಂಟನೆಯ ವಯಸ್ಸಿಗೆ ನೌಕಾಪಡೆ ಸೇರಿದಾಗ, ಅಲ್ಲಿಯವರೆಗೆ ಅವನು ಕಂಡಿದ್ದ ಅತಿ ದೊಡ್ಡ ನೀರೆಂದರೆ ಊರ ಕೆರೆ. ಅದರಲ್ಲೂ ಮೊಣಕಾಲು ದಾಟಿ ಇಳಿದವನಲ್ಲ. ಈಜಿನ ಪರೀಕ್ಷೆಯಲ್ಲಿ ಕಣ್ಣು ಮುಚ್ಚಿಕೊಂಡು ಕೈಕಾಲು ಬಡಿದು ಹೇಗೋ ಆಚೆ ಬದಿ ಮುಟ್ಟಿದ. ಪ್ರಾಣಭಯವನ್ನು ಪರೀಕ್ಷಕರು ವೇಗವೆಂದು ಬರೆದುಕೊಂಡರು. ಪುಣ್ಯಕ್ಕೆ ಅವನನ್ನು ಹಡಗಿನ ಆಸ್ಪತ್ರೆ ಕೋಣೆಗೆ ಸಹಾಯಕನನ್ನಾಗಿ ಹಾಕಿದರು. ಹದಿನೈದು ವರ್ಷ ಅಲ್ಲಿ ಬೇರೆಯವರ ಗಾಯ ತೊಳೆದ, ಬ್ಯಾಂಡೇಜು ಸುತ್ತಿದ. ಒಂದು ಸಲ ಅಡುಗೆಯವನೊಬ್ಬನ ಬೆರಳಿಗೆ ಡಬ್ಬಿಯ ತಗಡು ಗೀರಿತು. ಮೊದಲ ದಿನ ಅದು ಬರಿಯ ಗೀರು. ಐದನೆಯ ದಿನ ಬೆರಳು ಕಪ್ಪಗಾಯಿತು. ಒಂಬತ್ತನೆಯ ದಿನ ಬೆರಳೇ ಇರಲಿಲ್ಲ. ಅಂದಿನಿಂದ ಹೊನ್ನಪ್ಪನಿಗೆ ಸಮುದ್ರ, ಬಿರುಗಾಳಿ, ಮೇಲಧಿಕಾರಿ ಎಲ್ಲ ಸಣ್ಣವಾಗಿ ಕಂಡವು. ತನ್ನ ಹೆದರಿಕೆಯನ್ನೆಲ್ಲ ಅವನು ಕಣ್ಣಿಗೆ ಕಾಣದ ರೋಗಾಣುವಿಗೆ ಮೀಸಲಿಟ್ಟುಬಿಟ್ಟ.

ಪಡೆಯಿಂದ ಬಿಡುಗಡೆಯಾದ ಮೇಲೆ, ಹಡಗು ನಿಲ್ಲುತ್ತಿದ್ದ ವಿಶಾಖಪಟ್ಟಣದಲ್ಲೇ ಉಳಿದ. ಅಷ್ಟರಲ್ಲಿ ವಿಜಯವಾಡದ ಪಟಮಟದ ಸಾಯಿಲಕ್ಷ್ಮಿಯ ಜೊತೆ ಮದುವೆಯಾಗಿತ್ತು. ಭೀಮುನಿಪಟ್ಟಣದ ರಸ್ತೆಯಲ್ಲಿರುವ ಒಂದು ಫಾರ್ಮಸಿ ಕಾಲೇಜಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೆಲಸವೂ ಸಿಕ್ಕಿತು. ರೋಗಾಣುಗಳಿಗೆ ಹೆದರುವವನಿಗೆ ರೋಗಾಣುಗಳನ್ನು ಸಾಕುವ ಕೆಲಸ. ಬೆಳಿಗ್ಗೆ ಬಾಗಿಲ ಹಿಡಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿಯೇ ಒಳಗೆ ಹೋಗುತ್ತಿದ್ದ, ಸಂಜೆ ಒರೆಸಿಯೇ ಹೊರಗೆ ಬರುತ್ತಿದ್ದ. ಮನೆಗೆ ಬಂದವನು ಮೊಣಕೈವರೆಗೆ ಸೋಪು ಹಚ್ಚಿಕೊಂಡು ನಿಂತರೆ, ಹೆಂಡತಿ ಚಹಾ ಎರಡು ಸಲ ಬಿಸಿ ಮಾಡಬೇಕಾಗುತ್ತಿತ್ತು.

ಇಂಥವನಿಗೂ ಲೋಕದಲ್ಲಿ ಮರ್ಯಾದೆ ಸಿಗುವ ಜಾಗ ಒಂದಿತ್ತು. ಊರಿನಲ್ಲಿ ಅವನು ಇಂದಿಗೂ ಹೊನ್ನ್ಯಾ. ಪಡೆಯಲ್ಲಿ ಒಂದು ನಂಬರು. ಕಾಲೇಜಿನಲ್ಲಿ ಪಾಠ ಹೇಳುವ ಮೇಡಂಗಳಿಗಿಂತ ಬಹಳ ಕೆಳಗೆ, ಗುಡಿಸುವವರಿಗಿಂತ ಸ್ವಲ್ಪ ಮೇಲೆ. ಆದರೆ ಪಟಮಟದ ಅತ್ತೆಯ ಮನೆಯಲ್ಲಿ ಅವನು ಅಲ್ಲುಡುಗಾರು. ಅಳಿಯನೆಂಬ ನಮ್ಮ ಮಾತಿಗೆ ಆ ಮಾತಿನ ತೂಕವಿಲ್ಲ. ಅವನು ಕೂತರೆ ಫ್ಯಾನು ಅವನ ಕಡೆ ತಿರುಗುತ್ತಿತ್ತು. ಅವನು ಕೆಮ್ಮಿದರೆ ನೀರು ಬರುತ್ತಿತ್ತು. ಒಂದು ಸಲ ಊಟಕ್ಕೆ ಕೂತವನು, ಹುಣಸೆಹುಳಿ ಮಂಡಿನೋವಿಗೆ ಒಳ್ಳೆಯದಲ್ಲವಂತೆ ಎಂದು ಎಲ್ಲೋ ಓದಿದ್ದನ್ನು ಸುಮ್ಮನೆ ಹೇಳಿದ. ಆ ಮನೆಯಲ್ಲಿ ಮೂರು ವಾರ ಹುಣಸೆಹಣ್ಣಿನ ಡಬ್ಬಿ ಕೆಳಗಿಳಿಯಲಿಲ್ಲ. ಅತ್ತೆ ಅನ್ನಪೂರ್ಣಮ್ಮನವರು ಅಳಿಯನ ಮಾತಿಗೆ ಎದುರಾಡುವವರಲ್ಲ, ಅನುಮಾನಿಸುವವರಂತೂ ಅಲ್ಲವೇ ಅಲ್ಲ. ಅಳಿಯನಲ್ಲಿ ತಪ್ಪು ಕಾಣುವುದೆಂದರೆ ಆ ಮನೆಯ ಲೆಕ್ಕದಲ್ಲಿ ದೇವರ ಪಟವನ್ನು ಗೋಡೆಗೆ ಮುಖ ಮಾಡಿ ತೂಗುಹಾಕಿದ ಹಾಗೆ. ಈ ಮರ್ಯಾದೆಯನ್ನು ಹೊನ್ನಪ್ಪ ಸಂಕೋಚದಿಂದ ಅನುಭವಿಸುತ್ತಿದ್ದ. ಆದರೆ ಬಿಡದೆ ಅನುಭವಿಸುತ್ತಿದ್ದ.

ಕಾಲೇಜಿನ ರಾಜ್ಯಲಕ್ಷ್ಮಿ ಮೇಡಂ ಹಳ್ಳಿಮದ್ದಿನ ಗಿಡಗಳನ್ನು ಪರೀಕ್ಷಿಸುವ ಒಂದು ಕೆಲಸ ಹಿಡಿದಿದ್ದರು. ಗಾಯಕ್ಕೆ ಹಚ್ಚುವ ಸೊಪ್ಪುಗಳಲ್ಲಿ ಯಾವುದಕ್ಕೆ ರೋಗಾಣುವನ್ನು ತಡೆಯುವ ಶಕ್ತಿಯಿದೆ, ಎಷ್ಟಿದೆ ಎಂದು ನೋಡುವುದು. ಕ್ರಮ ಸುಲಭವಾದದ್ದು. ಎಲೆ ಒಣಗಿಸಿ ಪುಡಿ ಮಾಡಿ ಸಾರ ಇಳಿಸಬೇಕು. ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿದ ಅಗರ್ ಎಂಬ ಲೋಳೆಯ ಮೇಲೆ ಗಾಯದಲ್ಲಿ ಬೆಳೆಯುವ ರೋಗಾಣುವನ್ನು ಸವರಿ, ನಡುವೆ ಸಾರದಲ್ಲಿ ಅದ್ದಿದ ಸಣ್ಣ ಕಾಗದದ ಬಿಲ್ಲೆ ಇಡಬೇಕು. ಮರುದಿನ ನೋಡಿದರೆ ತಟ್ಟೆಯ ತುಂಬ ರೋಗಾಣು ಮಂಜಿನ ಹಾಗೆ ಕವಿದಿರುತ್ತದೆ. ಸಾರಕ್ಕೆ ಶಕ್ತಿಯಿದ್ದರೆ ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ಒಂದು ವೃತ್ತ ಉಳಿಯುತ್ತದೆ. ವೃತ್ತ ಎಷ್ಟು ಅಗಲವೋ ಮದ್ದು ಅಷ್ಟು ಗಟ್ಟಿ.

ಹೊನ್ನಪ್ಪನಿಗೆ ಅವ್ವ ಚಂದ್ರಮ್ಮನ ನೆನಪಾಯಿತು. ಕುಡುಗೋಲು ತಾಗಿದರೆ ಆಕೆ ಬದುವಿನ ಮೇಲಿನ ಒಂದು ಸೊಪ್ಪು ಕಿತ್ತು ಅಂಗೈಯಲ್ಲಿ ಹೊಸೆದು, ರಸವನ್ನು ಗಾಯಕ್ಕೆ ಹಿಂಡುತ್ತಿದ್ದಳು. ಅವರ ಕಡೆ ಅದಕ್ಕೆ ಗಾಯದ ಸೊಪ್ಪು ಎಂದೇ ಹೆಸರು. ಇಲ್ಲಿಯವರು ಗಡ್ಡಿಚಾಮಂತಿ ಅನ್ನುತ್ತಾರೆ. ಉದ್ದನೆಯ ತೊಟ್ಟಿನ ತುದಿಯಲ್ಲಿ ಪುಟ್ಟ ಹಳದಿ ಹೂ, ಎಲ್ಲೆಂದರಲ್ಲಿ ಬೆಳೆಯುತ್ತದೆ. ಮೇಡಂ ಪಟ್ಟಿಯಲ್ಲಿ ಅದೂ ಇತ್ತು. ತಾನೇ ಕಿತ್ತು ತರುತ್ತೇನೆಂದು ಹೊನ್ನಪ್ಪ ಮುಂದೆ ಬಂದ. ಮನೆಯ ಹಿಂದಿನ ಚರಂಡಿಯ ಪಕ್ಕದಲ್ಲಿ ಒಂದು ಬುಟ್ಟಿ ಸೊಪ್ಪು ಸಿಕ್ಕಿತು, ತೊಳೆದು ಒಣಗಿಸಿ ಕೊಟ್ಟ. ಮರುವಾರ ತಟ್ಟೆ ತೆಗೆದಾಗ ಬಿಲ್ಲೆಯ ಸುತ್ತ ಹುಣ್ಣಿಮೆಯಂಥ ವೃತ್ತ. ಸ್ಕೇಲಿಟ್ಟು ನೋಡಿದರೆ ಇಪ್ಪತ್ತೆರಡು ಮಿಲಿಮೀಟರು. ಪಕ್ಕದಲ್ಲಿಟ್ಟ ಅಂಗಡಿಯ ಆಂಟಿಬಯೋಟಿಕ್ಕಿನದು ಇಪ್ಪತ್ತನಾಲ್ಕು.

ಅವ್ವ ಅಂಗಡಿಗಿಂತ ಬರಿ ಎರಡು ಮಿಲಿಮೀಟರು ಹಿಂದೆ. ಹೊನ್ನಪ್ಪನ ಕಣ್ಣಲ್ಲಿ ನೀರು ಬಂತು.

ಇನ್ನೊಂದು ಸಲ ಮಾಡಿ ನೋಡಿದ ಮೇಲೇ ನಂಬಬೇಕು ಎಂದು ಮೇಡಂ ಹೇಳಿದ್ದರು. ಅದು ಅವನ ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ. ಆ ಭಾನುವಾರವೇ ಮಾವ ಈಶ್ವರಯ್ಯನವರ ತಿಥಿ, ಗಂಡಹೆಂಡಿರಿಬ್ಬರೂ ಪಟಮಟಕ್ಕೆ ಹೋದರು. ಅನ್ನಪೂರ್ಣಮ್ಮನವರು ಕಿರುಬೆರಳ ಬುಡದಲ್ಲಿ ಚಪ್ಪಲಿ ಕಚ್ಚಿದ ಗಾಯಕ್ಕೆ ಪಟ್ಟಿ ಕಟ್ಟಿಕೊಂಡು ಕುಂಟುತ್ತಿದ್ದರು. ಹದಿನೆಂಟು ವರ್ಷದ ಸಕ್ಕರೆ ಕಾಯಿಲೆ. ದಿನ ಬಿಟ್ಟು ದಿನ ಕ್ಲಿನಿಕ್ಕಿಗೆ ಹೋಗಿ ಡ್ರೆಸ್ಸಿಂಗ್ ಮಾಡಿಸಿಕೊಳ್ಳುತ್ತಿದ್ದರು. ಊಟವಾದ ಮೇಲೆ ನೆಂಟರೆಲ್ಲ ಹಜಾರದಲ್ಲಿ ಕೂತಿದ್ದಾಗ, ಹೊಟ್ಟೆ ತುಂಬಿದ ಹೊನ್ನಪ್ಪ ತನ್ನ ವೃತ್ತದ ಕಥೆ ಹೇಳಿದ. ಗಡ್ಡಿಚಾಮಂತಿ, ಇಪ್ಪತ್ತೆರಡು ಮಿಲಿಮೀಟರು, ಅಂಗಡಿಯ ಮದ್ದಿಗೆ ಭುಜಕ್ಕೆ ಭುಜ. ಕಟ್ಟಿಕೊಳ್ಳಿ ಎಂದು ಅವನು ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಬಾಯಲ್ಲಿ ಅಷ್ಟು ಧೈರ್ಯ ಅವನಿಗೇ ಹೊಸದು.

ಹದಿನಾಲ್ಕು ದಿನ ಕಳೆದವು. ಅತ್ತೆ ಕ್ಲಿನಿಕ್ಕು ಬಿಟ್ಟು ಸೊಪ್ಪು ಅರೆದು ಕಟ್ಟುತ್ತಿದ್ದಾರಂತೆ, ಕೇರಿಯವರಿಗೆಲ್ಲ ಹೇಳುತ್ತಿದ್ದಾರಂತೆ ಎಂದು ಸಾಯಿಲಕ್ಷ್ಮಿ ಫೋನಿನಲ್ಲಿ ಕೇಳಿದ ಸುದ್ದಿಯನ್ನು ಹೇಳಿದಾಗ, ಹೊನ್ನಪ್ಪ ಮೀಸೆ ಸವರಿಕೊಂಡಿದ್ದ.

ಹದಿನೈದನೆಯ ದಿನ ಸೋಮವಾರ. ಮೇಡಂ ತಮ್ಮ ಭೀಮುನಿಪಟ್ಟಣದ ಮನೆಯ ಹಿತ್ತಿಲಿನಿಂದ ಅದೇ ಸೊಪ್ಪು ತಂದು ತಾವೇ ಮಾಡಿದ ಎರಡನೆಯ ಪರೀಕ್ಷೆಯ ತಟ್ಟೆಗಳನ್ನು ಹೊರಗೆ ತೆಗೆದರು. ಬಿಲ್ಲೆಯ ಸುತ್ತ ವೃತ್ತವಿರಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದರೆ ಕೂದಲೆಳೆಯಷ್ಟು ತಿಳಿ, ಅಷ್ಟೆ. ಮೂರು ತಟ್ಟೆಗಳಲ್ಲೂ ಅದೇ ಕಥೆ. ಮೇಡಂ ಯೋಚಿಸಿ, ಮೊದಲನೆಯ ಸಲದ ಒಂದೊಂದು ಹೆಜ್ಜೆಯನ್ನೂ ವಿಚಾರಿಸತೊಡಗಿದರು. ಎಲ್ಲಿ ಕಿತ್ತಿದ್ದು, ಎಷ್ಟು ದಿನ ಒಣಗಿಸಿದ್ದು.

"ತೊಳೆದದ್ದು ಯಾವುದರಲ್ಲಿ, ಹೊನ್ನಪ್ಪಗಾರು?"

ಹೊನ್ನಪ್ಪ ಹೆಮ್ಮೆಯಿಂದಲೇ ಹೇಳಿದ. ಚರಂಡಿ ಪಕ್ಕದ ಸೊಪ್ಪು, ನಾಯಿಗಳು ಓಡಾಡುವ ಜಾಗ. ಬರಿ ನೀರಿನಲ್ಲಿ ತೊಳೆದರೆ ಸಾಕೇ. ಹಡಗಿನಲ್ಲಿ ಕಲಿತ ಪ್ರಕಾರ ಒಂದು ಬಕೆಟ್ಟಿಗೆ ಆರು ಮುಚ್ಚಳ ಗಾಯ ತೊಳೆಯುವ ಆಂಟಿಸೆಪ್ಟಿಕ್ ಲೋಷನ್ ಹಾಕಿ, ಅರ್ಧ ಗಂಟೆ ನೆನೆಸಿಟ್ಟಿದ್ದ. ಎರಡು ಸಲ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಂದರೆ ನಾವು ಪರೀಕ್ಷೆ ಮಾಡಿದ್ದು ಲೋಷನ್ನನ್ನು ಎಂದು ಹೇಳಿ, ತಡೆಯಲಾರದೆ ನಕ್ಕೂಬಿಟ್ಟರು. ಸೊಪ್ಪಿನಲ್ಲಿ ಏನೋ ಸ್ವಲ್ಪ ಗುಣ ಇರಬಹುದು, ಆದರೆ ಆ ವೃತ್ತ ಅದರದ್ದಲ್ಲ. ಸದ್ಯ, ಎಲ್ಲಿಗೂ ಬರೆದು ಕಳಿಸಿಲ್ಲ ಎಂದು ಸಮಾಧಾನ ಪಟ್ಟುಕೊಂಡರು. ಕನ್ನಡಕ ಹಾಕಿಕೊಳ್ಳುತ್ತ ಒಂದು ಮಾತು ಸೇರಿಸಿದರು.

"ಮನುಷ್ಯರಿಗೆ ಯಾರಿಗೂ ಹಚ್ಚಿಲ್ಲವಲ್ಲ, ಅದೇ ಪುಣ್ಯ."

ಹಡಗಿನ ಅಡುಗೆಯವನ ಬೆರಳು ಹೊನ್ನಪ್ಪನ ಕಣ್ಣ ಮುಂದೆ ಬಂತು. ಐದು ದಿನಕ್ಕೆ ಕಪ್ಪು, ಒಂಬತ್ತು ದಿನಕ್ಕೆ ಇಲ್ಲ. ಆ ಅಡುಗೆಯವನು ಆರೋಗ್ಯವಂತ, ಇಪ್ಪತ್ತೈದರ ಪ್ರಾಯದವನು. ಅತ್ತೆಗೆ ಅರವತ್ತೊಂಬತ್ತು, ಮೈಯೆಲ್ಲ ಸಕ್ಕರೆ. ಅಲ್ಲದೆ ಅವರು ಕಟ್ಟುತ್ತಿರುವುದು ಲೋಷನ್ ಹಾಕಿದ ಸೊಪ್ಪೂ ಅಲ್ಲ, ಬೀದಿಬದಿಯ ಹಸಿ ಸೊಪ್ಪು.

ವರಾಂಡಕ್ಕೆ ಬಂದು ಫೋನು ಮಾಡಿದ. ಅನ್ನಪೂರ್ಣಮ್ಮನವರೇ ತೆಗೆದರು. ಕಾಲು ಹೇಗಿದೆ ಎಂದು ಕೇಳಿದ್ದಕ್ಕೆ, ನಿಮ್ಮ ದಯೆ ಬಾಬು, ಒಣಗುತ್ತಾ ಬಂದಿದೆ ಎಂದರು. ಹೇಳಬೇಕಾದ ಮಾತು ಹೊನ್ನಪ್ಪನ ಗಂಟಲಿನವರೆಗೆ ಬಂದು, ಅಲ್ಲಿ ಆ ದಯೆ ಎಂಬ ಮಾತನ್ನು ನೋಡಿ ಹಿಂದೆ ಸರಿಯಿತು. ಕಾಲೇಜಿನ ಕೆಲಸದ ಮೇಲೆ ವಿಜಯವಾಡಕ್ಕೆ ಬರುತ್ತಿದ್ದೇನೆ, ಸಂಜೆ ಮನೆಗೆ ಬಂದು ಹೋಗುತ್ತೇನೆ ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಹೆಂಡತಿಗೂ ಅದೇ ಸುಳ್ಳು ಹೇಳಿ ಮಧ್ಯಾಹ್ನದ ರೈಲು ಹತ್ತಿದ.

ಅನಕಾಪಲ್ಲಿಯಲ್ಲಿ ರೈಲು ನಿಂತಾಗ ಬೆಲ್ಲದ ಮಂಡಿಯ ವಾಸನೆ ಕಿಟಕಿಯೊಳಗೆ ಬಂತು. ಬೇರೆ ದಿನ ಅದು ಅವನಿಗೆ ಇಷ್ಟ. ಇವತ್ತು ಸಕ್ಕರೆ, ರಕ್ತ, ಕೊಳೆತ ಎಂದು ಒಂದರ ಹಿಂದೊಂದು ಯೋಚನೆ ಬಂತು. ಎದ್ದು ಬಾಗಿಲ ಬಳಿ ಹೋಗಿ ಬಾಮೈದ ಬಾಬ್ಜಿಗೆ ಫೋನು ಮಾಡಿದ. ಬಾಬ್ಜಿ ತಾಯಿಯ ಜೊತೆಯಲ್ಲೇ ಇದ್ದು, ಪಟಮಟದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಅವನಿಗೆ ಎಲ್ಲವನ್ನೂ ಹೇಳಿದ. ಬಕೆಟ್ಟು, ಲೋಷನ್ನು, ಎಲ್ಲ. ಈಗಿಂದೀಗ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ಬೇಡಿಕೊಂಡ.



"ಬಾವಗಾರು, ಡಾಕ್ಟರಿಗೆ ತೋರಿಸು ಅಂತ ಅಮ್ಮನಿಗೆ ನಾನು ಮೊನ್ನೆಯೇ ಹೇಳಿದೆ. ನೀನು ಅಲ್ಲುಡುಗಾರಿಗಿಂತ ಹೆಚ್ಚು ಓದಿದೀಯೇನೋ ಅಂದಳು. ಈಗ ನಾನು ಹೋಗಿ ನಿಮ್ಮ ಸೊಪ್ಪು ಸುಳ್ಳು ಅಂದರೆ ನನ್ನನ್ನ ಮನೆಯಿಂದ ಆಚೆ ಹಾಕ್ತಾಳೆ, ಆಸ್ಪತ್ರೆಗಂತೂ ಬರೋದಿಲ್ಲ. ನೀವು ಹೇಳಿದ್ದು, ನೀವೇ ಬಂದು ಬಿಡಿಸಬೇಕು." ಉಸಿರು ಎಳೆದುಕೊಂಡು ಮುಂದುವರಿಸಿದ. "ಇನ್ನೊಂದು ವಿಷಯ. ನೀವು ಬರ್ತೀರಿ ಅಂತ ಬೆಳಿಗ್ಗೆಯಿಂದ ಅಡುಗೆಮನೇಲಿ ನಿಂತಿದಾಳೆ. ಗಾರೆವಡೆಗೆ ಉದ್ದು ರುಬ್ಬಿ ಆಯಿತು. ಆ ಕಾಲಿನ ಮೇಲೇ."

ಹೊನ್ನಪ್ಪ ಬಾಗಿಲ ಕಂಬಿ ಹಿಡಿದುಕೊಂಡ. ಅತ್ತೆಯ ಕಾಲನ್ನು ಹಾಳು ಮಾಡಲು ಅವನು ಬಾಯಿ ತೆಗೆಯುವುದೇ ಬೇಕಿರಲಿಲ್ಲ, ಬರುತ್ತೇನೆ ಅಂದರೂ ಸಾಕಿತ್ತು. ಕೂತು ಮಾಡಲು ಹೇಳು, ಬೇಡವೇ ಬೇಡ ಅನ್ನು, ನನಗೆ ಹೊಟ್ಟೆ ಸರಿಯಿಲ್ಲ ಅನ್ನು ಎಂದು ಬಡಬಡಿಸಿದ. ಹೊಟ್ಟೆ ಸರಿಯಿಲ್ಲ ಅಂದರೆ ಅದಕ್ಕೆ ಬೇರೆ ಅಡುಗೆ ಶುರು ಮಾಡುತ್ತಾಳೆ ಎಂದ ಬಾಬ್ಜಿ.

ತುನಿ ದಾಟಿದ ಮೇಲೆ ಸಾಯಿಲಕ್ಷ್ಮಿಯ ಫೋನು ಬಂತು. ಬಾಬ್ಜಿ ಅಕ್ಕನಿಗೆ ಹೇಳಿಯಾಗಿತ್ತು. ಇಪ್ಪತ್ತಾರು ವರ್ಷದಲ್ಲಿ ಆಕೆ ಗಂಡನ ಹಿರೇಕೆರೂರು ಮಾತನ್ನು ಪೂರ್ತಿ ಕಲಿತಿದ್ದಳು, ಬೈಯಲು ಅದೇ ಅನುಕೂಲವೆಂದು ಕಂಡುಕೊಂಡಿದ್ದಳು. ಆದರೆ ಇವತ್ತು ದನಿ ಏರಲಿಲ್ಲ. ಅದರಿಂದ ಹೊನ್ನಪ್ಪನಿಗೆ ಇನ್ನೂ ಭಯವಾಯಿತು.

"ಏಮಂಡಿ, ಅದು ನಮ್ಮ ಅಮ್ಮನ ಕಾಲು. ನಿಮ್ಮ ಲ್ಯಾಬಿಂದಲ್ಲ. ಹೋಗಿ ನಿಮ್ಮ ಬಾಯಿಲೇ ಹೇಳ್ರಿ. ಹೇಳದೇ ಮನಿಗೆ ಬರಬ್ಯಾಡ್ರಿ."

"ಹೇಳತೇನಿ," ಎಂದ ಹೊನ್ನಪ್ಪ. ಅವಳು ಆಗಲೇ ಇಟ್ಟುಬಿಟ್ಟಿದ್ದಳು.

ಗೋದಾವರಿ ಸೇತುವೆಯ ಮೇಲೆ ಎಲ್ಲರೂ ನದಿಗೆ ಕೈ ಮುಗಿದರು. ಹೊನ್ನಪ್ಪ ಮುಗಿಯಲು ಹೋಗಿ, ಏನೆಂದು ಬೇಡಿಕೊಳ್ಳಲಿ ಎಂದು ತಿಳಿಯದೆ ಕೈ ಹಾಗೇ ಹಿಡಿದು ಕೂತ. ಕಾಲು ಉಳಿಯಲಿ ಎಂದು ಬೇಡಬೇಕು, ಅದು ಸರಿ. ಆದರೆ ಅವನ ಒಳಗೆ ಇನ್ನೊಂದು ಬೇಡಿಕೆಯೂ ಇತ್ತು. ಗಾಯ ತಾನಾಗಿ ವಾಸಿಯಾಗಿರಲಿ, ಹೇಳುವ ಪ್ರಮೇಯವೇ ಬಾರದಿರಲಿ ಎಂದು. ಅದನ್ನು ಕಂಡು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೇಳಿದ ಮೇಲೆ ಆ ಮನೆಯಲ್ಲಿ ಎಲ್ಲಿ ಕೂರುವುದು, ಯಾರ ಮುಖ ನೋಡುವುದು ಎಂದು ಏಲೂರು ಬರುವವರೆಗೂ ಯೋಚಿಸಿದ.

ಪಟಮಟದ ಮನೆ ಮುಟ್ಟುವಾಗ ಸಂಜೆ ಏಳು. ಬಾಗಿಲಲ್ಲೇ ಊದಿನಕಡ್ಡಿಯ ವಾಸನೆ ಮೂಗಿಗೆ ಅಡರಿತು. ದೇವರ ಮುಂದೆ ಒಂದೂ ಉರಿಯುತ್ತಿರಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ಎರಡು, ಒಲೆಕಟ್ಟೆಯ ಮೇಲೆ ಎರಡು ಉರಿಯುತ್ತಿದ್ದವು. ಎಣ್ಣೆಯಲ್ಲಿ ಗಾರೆವಡೆ ಬೇಯುತ್ತಿತ್ತು. ಅನ್ನಪೂರ್ಣಮ್ಮನವರು ಒಂದು ಕಾಲನ್ನು ಮಣೆಯ ಮೇಲೆ ಏರಿಸಿ ನಿಂತಿದ್ದರು. ಆ ಕಾಲಿಗೆ ಒಗೆದ ಬಿಳಿಯ ಬಟ್ಟೆ ಬಿಗಿಯಾಗಿ ಸುತ್ತಿತ್ತು. ಬನ್ನಿ ಬಾಬು, ಕೂತುಕೊಳ್ಳಿ, ಬಿಸಿಬಿಸಿ ತರುತ್ತೇನೆ ಎಂದರು. ಬೆವರಿದ ಹಣೆ, ಹೊಳೆಯುವ ಕಣ್ಣು. ಜ್ವರದ ಹೊಳಪು ಎಂದು ಹೊನ್ನಪ್ಪನಿಗೆ ಕೂಡಲೇ ಗೊತ್ತಾಯಿತು. ಊದಿನಕಡ್ಡಿ, ಎಣ್ಣೆ, ಉದ್ದಿನಹಿಟ್ಟು, ಈ ಮೂರರ ಅಡಿಯಿಂದ ನಾಲ್ಕನೆಯ ಒಂದು ವಾಸನೆ ಮೆಲ್ಲಗೆ ಏಳುತ್ತಿತ್ತು. ಹದಿನೈದು ವರ್ಷ ಆಸ್ಪತ್ರೆ ಕೋಣೆಯಲ್ಲಿ ನಿಂತ ಮೂಗು ಅದನ್ನು ಮರೆಯುವುದಿಲ್ಲ.

ಅವನು ಮುಂದೆ ಹೋಗಿ ಗ್ಯಾಸು ಆರಿಸಿದ. ಅಳಿಯ ಆ ಅಡುಗೆಮನೆಯಲ್ಲಿ ಒಂದು ವಸ್ತುವನ್ನು ಮುಟ್ಟಿದ್ದು ಅದೇ ಮೊದಲು. ಅನ್ನಪೂರ್ಣಮ್ಮನವರು ಜಾಲರಿ ಸೌಟು ಹಿಡಿದವರು ಹಾಗೇ ನಿಂತರು.

"ಅತ್ತಯ್ಯಗಾರು, ನಾನು ಹೇಳಿದ ಸೊಪ್ಪಿನ ಮಾತು ತಪ್ಪು. ನನ್ನಿಂದಲೇ ತಪ್ಪಾಗಿದೆ. ಎಲೆಗೆ ನಾನು ಲೋಷನ್ ಹಾಕಿದ್ದೆ, ಕೆಲಸ ಮಾಡಿದ್ದು ಲೋಷನ್ನು. ಆ ಸೊಪ್ಪು ಕಟ್ಟಬೇಡಿ. ಈಗಲೇ ಆಸ್ಪತ್ರೆಗೆ ಹೋಗಬೇಕು."

ಹೊನ್ನಪ್ಪ ಬೈಗುಳಕ್ಕೆ ಕಾದ. ಅಳುವಿಗೂ ತಯಾರಾದ. ಅನ್ನಪೂರ್ಣಮ್ಮನವರು ಜಾಲರಿಯನ್ನು ಕೆಳಗಿಟ್ಟು, ಮೆಲ್ಲನೆ ಮಣೆಯ ಮೇಲೆ ಕುಳಿತರು. ಅಷ್ಟು ಹೊತ್ತು ಅವರನ್ನು ಯಾವುದು ಹಿಡಿದು ನಿಲ್ಲಿಸಿತ್ತೋ ಅದು ಕೈಬಿಟ್ಟ ಹಾಗೆ ಕಂಡಿತು.

"ನಾಲ್ಕು ದಿನದಿಂದ ವಾಸನೆ ಬರ್ತಾ ಇದೆ ಬಾಬು," ಎಂದರು. "ನನಗೆ ಗೊತ್ತಾಯಿತು."

"ಮತ್ತೆ ಹೇಳಬೇಕಿತ್ತಲ್ಲ?"

"ಯಾರಿಗೆ ಹೇಳಲಿ? ಕೇರಿಗೆಲ್ಲ ನಮ್ಮ ಅಲ್ಲುಡುಗಾರು ಕಂಡುಹಿಡಿದಿದ್ದು ಅಂತ ಸಾರಿದೀನಿ. ವಾಸಿಯಾಗಲಿಲ್ಲ ಅಂದರೆ ನಗೋದು ಯಾರನ್ನ ನೋಡಿ? ಒಂದು ಬೆರಳು ಹೋದರೆ ಹೋಗಲಿ ಅಂತಿದ್ದೆ."

ಹೊನ್ನಪ್ಪನಿಗೆ ಆ ಕ್ಷಣದಲ್ಲಿ ಆದ ಭಯ ಹಡಗಿನಲ್ಲೂ ಆಗಿರಲಿಲ್ಲ. ತನ್ನ ಮೇಲಿನ ಮರ್ಯಾದೆ ಇಷ್ಟು ದೊಡ್ಡದಾಗಿ ಬೆಳೆದು, ಒಬ್ಬ ಮುದುಕಿಯ ಕಾಲು ತಿನ್ನುತ್ತಿದ್ದುದು ಅವನಿಗೆ ತಿಳಿದೇ ಇರಲಿಲ್ಲ. ಬಾಬ್ಜಿ ಆಟೊ ತಂದ. ಇಬ್ಬರೂ ಸೇರಿ ಅವರನ್ನು ಎತ್ತಿ ಕೂರಿಸಿದರು. ಎತ್ತುವಾಗ ಬಟ್ಟೆಯ ಅಂಚಿನಿಂದ ಹಸಿರುಗಪ್ಪಾದ ಏನೋ ಹೊನ್ನಪ್ಪನ ಅಂಗಿಗೆ ತಾಗಿತು. ಅವನು ಕೈ ತೊಳೆಯಲು ಓಡಲಿಲ್ಲ.

ಆಸ್ಪತ್ರೆಯ ಡಾಕ್ಟರ್ ರಾಮ್‌ಪ್ರಸಾದ್ ಬಟ್ಟೆ ಬಿಚ್ಚಿ ನೋಡಿ, ಇನ್ನೊಂದು ದೀಪ ಹಾಕಿಸಿದರು. ಕಿರುಬೆರಳು ಪೂರ್ತಿ ಕಪ್ಪು. ಪಕ್ಕದ ಬೆರಳು ನೀಲಿ. ಕೆಂಪು ಗೆರೆಯೊಂದು ಪಾದದ ಮೇಲಿಂದ ಕಣಕಾಲಿನ ಕಡೆ ಹೊರಟಿತ್ತು. ಈ ಸೊಪ್ಪು ಕಟ್ಟಲು ಯಾರು ಹೇಳಿದ್ದು ಎಂದು ಕೇಳಿದರು. ಅನ್ನಪೂರ್ಣಮ್ಮನವರು ಒಂದು ಚೂರೂ ತಡಮಾಡದೆ, ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವ ಯಾರೋ ಹೆಂಗಸು ಎಂದರು.

"ನಾನು," ಎಂದ ಹೊನ್ನಪ್ಪ.

ಡಾಕ್ಟರು ತಲೆಯೆತ್ತಿ ನೋಡಿದರು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಫಾರ್ಮಸಿ ಕಾಲೇಜು ಅಂದಾಗ ಅವರು ಅಂದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಅನ್ನಪೂರ್ಣಮ್ಮನವರು ನಡುವೆ ಎರಡು ಸಲ, ಅವರನ್ನು ಏನೂ ಅನ್ನಬೇಡಿ ಎಂದರು. ಕಡೆಗೆ ಡಾಕ್ಟರು ವಿಷಯ ಹೇಳಿದರು. ಬೆರಳು ಎರಡೂ ಹೋಗುತ್ತವೆ. ಪಾದವನ್ನು ಉಳಿಸಲು ನೋಡುತ್ತೇನೆ. ನಾಲ್ಕನೆಯ ದಿನ ಕಟ್ಟು ಬಿಚ್ಚಿದಾಗ ಒಳಗಿನ ಮಾಂಸ ಕೆಂಪಗಿದ್ದರೆ ಬಚಾವು. ಕಪ್ಪು ಹರಡಿದ್ದರೆ ಕಣಕಾಲಿನ ಮೇಲೆ ಕತ್ತರಿಸಬೇಕಾಗುತ್ತದೆ.

ಅಂದು ರಾತ್ರಿಯೇ ಎರಡು ಬೆರಳನ್ನೂ ತೆಗೆದರು. ಆ ನಾಲ್ಕು ದಿನ ಹೊನ್ನಪ್ಪ ವಾರ್ಡಿನ ಹೊರಗಿನ ಬೆಂಚು ಬಿಡಲಿಲ್ಲ. ಸಾಯಿಲಕ್ಷ್ಮಿ ಮರುದಿನವೇ ಬಂದಳು. ಬೈಯಲಿಲ್ಲ, ಮಾತೂ ಆಡಲಿಲ್ಲ. ಊಟದ ಡಬ್ಬಿಯನ್ನು ಅವನ ಪಕ್ಕ ಇಟ್ಟು ಹೋಗುತ್ತಿದ್ದಳು. ನರ್ಸಿನ ಚಪ್ಪಲಿಯ ಸದ್ದು ಬೇಗಬೇಗ ಬಂದರೆ ಅವನು ಎದ್ದು ನಿಲ್ಲುತ್ತಿದ್ದ, ನಿಧಾನವಾಗಿ ಬಂದರೆ ಯಾಕೆ ನಿಧಾನ ಎಂದು ಇನ್ನಷ್ಟು ಹೆದರುತ್ತಿದ್ದ.

ನಾಲ್ಕನೆಯ ದಿನ ಬೆಳಿಗ್ಗೆ ಕಟ್ಟು ಬಿಚ್ಚುವಾಗ ಅವನನ್ನು ಒಳಗೆ ಕರೆದರು. ಅನ್ನಪೂರ್ಣಮ್ಮನವರೇ ಕರೆಸಿದ್ದರು. ಮಗಳು, ಮಗ ಮಂಚದ ಪಕ್ಕದಲ್ಲಿದ್ದರೂ ಅವರಿಗೆ ಬೇಕಾದದ್ದು ಅಳಿಯ. ಮಲಗಿದಲ್ಲಿಂದ ಅವರಿಗೆ ತಮ್ಮ ಕಾಲು ಕಾಣುತ್ತಿರಲಿಲ್ಲ. ನರ್ಸು ಹತ್ತಿಯನ್ನು ನೀರಿನಿಂದ ನೆನೆಸಿ ಎಳೆಯೆಳೆಯಾಗಿ ತೆಗೆದಳು. ಹೊನ್ನಪ್ಪ ಕಣ್ಣು ಮುಚ್ಚಲು ಹೊರಟವನು, ಮುಚ್ಚಲಿಲ್ಲ.

"ಯಾವ ಬಣ್ಣ ಇದೆ ಬಾಬು?"

ಕೆಂಪು ಎಂಬ ಮಾತು ಅವನ ಬಾಯಲ್ಲಿ ರೈಲು ಹತ್ತಿದಂದಿನಿಂದ ತಯಾರಾಗಿ ಕೂತಿತ್ತು. ಅದನ್ನು ಹೇಳಿದ್ದರೆ ಅವರು ನಂಬಿಬಿಡುತ್ತಿದ್ದರು. ಅವನು ಬಗ್ಗಿ ನೋಡಿದ, ಮತ್ತೆ ನೋಡಿದ.

"ಸುತ್ತ ಎಲ್ಲ ಕೆಂಪು ಇದೆ. ರಕ್ತ ಬರ್ತಾ ಇದೆ. ಹಿಮ್ಮಡಿ ಕಡೆ ಒಂದು ಮೂಲೆಯಲ್ಲಿ ಸ್ವಲ್ಪ ಕಪ್ಪು ಉಳಿದಿದೆ."

ಡಾಕ್ಟರು ಚಿಮಟದಿಂದ ಆ ಮೂಲೆಯನ್ನು ಒತ್ತಿ ನೋಡಿದರು. ಅದನ್ನು ನಾಳೆ ಕೆರೆದು ತೆಗೆಯುತ್ತೇನೆ, ಪಾದ ಉಳಿಯುತ್ತೆ ಅಂದುಕೊಂಡಿದ್ದೇನೆ ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು. ಸಾಯಿಲಕ್ಷ್ಮಿ ಸೆರಗಿನಿಂದ ಮುಖ ಒರೆಸಿಕೊಂಡಳು. ಬಾಬ್ಜಿ ಉಸಿರು ಬಿಟ್ಟ. ಅನ್ನಪೂರ್ಣಮ್ಮನವರು ಮಾತ್ರ ಅಳಿಯನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಡಾಕ್ಟರು ಹೇಳಿದ್ದು ಕೇಳಿಸಿತು. ನೀವು ಹೇಳಿ ಬಾಬು. ಉಳಿಯುತ್ತಾ?"

ಹೆಂಡತಿ ಹೊನ್ನಪ್ಪನನ್ನೇ ನೋಡುತ್ತಿದ್ದಳು.

"ನನಗೆ ಗೊತ್ತಿಲ್ಲ ಅತ್ತಯ್ಯಗಾರು," ಎಂದ. "ಗೊತ್ತಿರೋದು ಅವರಿಗೆ. ನಾಳೆ ನೋಡಿ ಹೇಳ್ತಾರೆ. ಅಲ್ಲಿವರೆಗೆ ನಾನಿಲ್ಲೇ ಇರ್ತೀನಿ."

ಅಳಿಯನ ಬಾಯಿಂದ ಗೊತ್ತಿಲ್ಲ ಎಂಬ ಮಾತನ್ನು ಅನ್ನಪೂರ್ಣಮ್ಮನವರು ಇಪ್ಪತ್ತಾರು ವರ್ಷದಲ್ಲಿ ಕೇಳಿರಲಿಲ್ಲ. ಆಮೇಲೆ ಸರಿ ಎಂಬಂತೆ ತಲೆಯಾಡಿಸಿ, ಹೊಸ ಕಟ್ಟು ಸುತ್ತಲು ನರ್ಸಿನ ಕಡೆ ಕಾಲು ಚಾಚಿದರು.